ಯಾವ ತಿಂಗಳ ಚಿತ್ರ ಬೇಕು, ಸಾರ್?

ಇವರಿಗೆ,
ಶ್ರೀ ಭೂಹೊದಿಕೆ ಸಾಫ್ಟ್‌ವೇರ್ ಅವರು,
ಬಾಲಾನಗರ, ಮಾಧಾಪುರ, ಹಾಗೂ ಈ ಊರಿನ ಸಮಸ್ತ ಎಂ.ಟೆಕ್ ವಿದ್ಯಾರ್ಥಿಗಳ ಲ್ಯಾಪ್‌ಟಾಪ್,
ಹೈದರಾಬಾದ್.

ವಿಷಯ: ತಾವು ಆಕಾಶದಿಂದ ಎಲ್ಲವನ್ನೂ ನೋಡುತ್ತಿರುವ ಬಗ್ಗೆ.
ಉಲ್ಲೇಖ: ಕಂಚ ಗಚ್ಚಿಬೌಲಿ ಸರ್ವೆ ನಂಬರ್ 25, ತಮ್ಮಿಡಿಕುಂಟ ಕೆರೆ, ಒಮ್ಮೆ ಕಳೆದುಹೋಗಿ ಆಮೇಲೆ ಕಚೇರಿಯಲ್ಲೇ ಸಿಕ್ಕಿದ ಕಾಡು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಊರಿನಲ್ಲಿ ಜಾಗದ ವಿಚಾರಕ್ಕೆ ಜಗಳವಾಡುವವರೆಲ್ಲರ ಕೈಯಲ್ಲೂ ಈಗ ತಮ್ಮ ಬಣ್ಣದ ಪ್ರಿಂಟು ಇದೆ. ಕೆರೆ ಒತ್ತುವರಿಯಾಗಿದೆ ಎನ್ನುವ ಅಧಿಕಾರಿಯ ಕೈಯಲ್ಲಿದೆ, ಆಗಿಲ್ಲ ಎನ್ನುವ ಬಿಲ್ಡರ್ ಕೈಯಲ್ಲೂ ಇದೆ. ಕಾಡು ಉಳಿಸಿ ಎಂದು ಕೂಗುವ ವಿದ್ಯಾರ್ಥಿಯ ಮೊಬೈಲಿನಲ್ಲಿದೆ, ಅಲ್ಲಿ ಕಾಡೆಲ್ಲಿತ್ತು ಎಂದು ಕೇಳುವವರ ಫೈಲಿನಲ್ಲೂ ಇದೆ. ನಾಲ್ವರೂ ಕೊನೆಗೆ ಹೇಳುವ ಮಾತು ಒಂದೇ: ಬೇಕಾದರೆ ಸ್ಯಾಟಲೈಟ್ ನೋಡಿ. ನಾಲ್ಕು ಕಡೆಗೂ ಸಾಕ್ಷಿ ನುಡಿದು, ಒಂದು ಕಡೆಯ ಪಾಟೀಸವಾಲಿಗೂ ಸಿಕ್ಕದ ಸಾಕ್ಷಿದಾರರನ್ನು ಈ ಊರು ಹಿಂದೆ ಕಂಡಿರಲಾರದು. ಹೀಗಾಗಿ ತಮಗೇ ನೇರವಾಗಿ ಬರೆಯುವುದು ಉಚಿತವೆನಿಸಿತು. ಇದು ದೂರಲ್ಲ, ಅಭಿನಂದನಾ ಪತ್ರವೆಂದೇ ಸ್ವೀಕರಿಸಬೇಕು.

ತಮ್ಮ ಮನೆತನದ ಬಗ್ಗೆ ಎರಡು ಮಾತು. ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಹೈದರಾಬಾದಿನಲ್ಲಿ ಶುರುವಾದದ್ದು 1974ರಲ್ಲಿ. ಅದು ಬಾಹ್ಯಾಕಾಶ ಇಲಾಖೆಯ ತೆಕ್ಕೆಗೆ ಬಂದದ್ದು 1980ರಲ್ಲಿ, ಏಜೆನ್ಸಿ ಹೋಗಿ ಸೆಂಟರ್ ಆದದ್ದು 2008ರಲ್ಲಿ. ಕಚೇರಿ ಬಾಲಾನಗರದಲ್ಲಿದ್ದರೆ ಕಿವಿಗಳು ಶಾದನಗರದಲ್ಲಿವೆ; ಉಪಗ್ರಹ ತಲೆಯ ಮೇಲೆ ಹಾದುಹೋಗುವಾಗ ಅಲ್ಲಿನ ದೊಡ್ಡ ಆಂಟೆನಾಗಳು ಅದು ಹೇಳಿದ್ದನ್ನು ಕೇಳಿಸಿಕೊಳ್ಳುತ್ತವೆ. 1988ರ ಮಾರ್ಚ್ 17ರಂದು ಬೈಕನೂರಿನಿಂದ ರಷ್ಯನ್ನರ ರಾಕೆಟ್ಟಿನಲ್ಲಿ ನಮ್ಮ ಉಪಗ್ರಹ ಐಆರ್‌ಎಸ್-1ಎ ಮೇಲೆ ಹೋಯಿತು. ದೇಶದ ನೆಲವನ್ನು ನಮ್ಮದೇ ಕಣ್ಣಿನಿಂದ ನೋಡುವ ಕೆಲಸ ಅಲ್ಲಿಂದ ಹಿಡಿತಕ್ಕೆ ಬಂತು. ಆಗ ಇಸ್ರೋ ಅಧ್ಯಕ್ಷರು ನಮ್ಮ ಉಡುಪಿ ಕಡೆಯ ಅದಮಾರಿನ ಯು. ಆರ್. ರಾಯರು. (ಕನ್ನಡದಲ್ಲಿ ಬರೆಯುತ್ತ ಇಷ್ಟನ್ನೂ ಹೇಳಿಕೊಳ್ಳದಿದ್ದರೆ ಕಾಚಿಗೂಡಾದ ಕನ್ನಡಿಗರು ನನ್ನನ್ನು ಕ್ಷಮಿಸುವುದಿಲ್ಲ.) 2009ರಲ್ಲಿ ‘ಭುವನ್’ ಜಾಲತಾಣ ಬಂದು, ಯಾರು ಬೇಕಾದರೂ ಮನೆಯಲ್ಲಿ ಕೂತು ತಮ್ಮ ಊರಿನ ಕೆರೆಯನ್ನು ಮೇಲಿನಿಂದ ನೋಡಿ ನಿಟ್ಟುಸಿರು ಬಿಡುವಂತಾಯಿತು.

ಮೊದಮೊದಲು ತಮ್ಮ ದೃಷ್ಟಿ ಮಂದವಾಗಿತ್ತು, ಅದರಲ್ಲೊಂದು ದೊಡ್ಡತನವೂ ಇತ್ತು. ಐಆರ್‌ಎಸ್-1ಎಯ ಲಿಸ್-1 ಕ್ಯಾಮೆರಾಕ್ಕೆ ನೆಲದ ಮೇಲಿನ ಒಂದು ಚುಕ್ಕೆಯೆಂದರೆ 72.5 ಮೀಟರ್ ಉದ್ದ, ಅಷ್ಟೇ ಅಗಲ. ಹೈದರಾಬಾದಿನಲ್ಲಿ ಜಾಗ ಮಾರುವುದು ಗಜದ ಲೆಕ್ಕದಲ್ಲಿ. 200 ಗಜದ 31 ಪ್ಲಾಟುಗಳು ಆ ಒಂದು ಚುಕ್ಕೆಯೊಳಗೆ ಮಲಗುತ್ತಿದ್ದವು. ಅದರಲ್ಲಿ ಒಂದೆರಡು ಕೆರೆಯೊಳಗೆ ಕಾಲು ಚಾಚಿದ್ದರೂ ತಾವು ನೋಡಿದ್ದನ್ನು ತೋರಿಸಿಕೊಳ್ಳುತ್ತಿರಲಿಲ್ಲ. ಲಿಸ್-3 ಬಂದು 23.5 ಮೀಟರಿಗೆ ಇಳಿದಾಗ ಚುಕ್ಕೆಯೊಳಗೆ ಉಳಿದದ್ದು ಮೂರೇ ಪ್ಲಾಟು. ಈಗ ಯುರೋಪಿನವರ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಚುಕ್ಕೆಯಲ್ಲಿ, ಐದು ದಿನಕ್ಕೊಮ್ಮೆ, ಪುಕ್ಕಟೆಯಾಗಿ ಚಿತ್ರ ಕೊಡುತ್ತಿವೆ. ಬೆಂಗಳೂರಿನ ಮೂವತ್ತು-ನಲವತ್ತು ಸೈಟೆಂದರೆ 111 ಚದರ ಮೀಟರ್. ಸೆಂಟಿನೆಲ್ ಚುಕ್ಕೆಯೆಂದರೆ 100. ಮಧ್ಯಮವರ್ಗದ ಇಡೀ ಜೀವಮಾನದ ಉಳಿತಾಯ ಆಕಾಶದಿಂದ ಸರಿಯಾಗಿ ಒಂದು ಚುಕ್ಕೆಯಾಗಿ ಕಾಣುವ ಕಾಲ ಬಂತು.

ತಮ್ಮ ಬುದ್ಧಿಯ ಬಗ್ಗೆ ಜನರಲ್ಲಿ ಭಯಭಕ್ತಿ ಇದೆ. ನಾನು ಕಂಡಂತೆ ತಮ್ಮ ವಿದ್ಯಾಭ್ಯಾಸ ಬಹಳ ಸರಳ. ಯಾರೋ ಒಬ್ಬ ಹುಡುಗ ಮೌಸ್ ಹಿಡಿದು, ಪರದೆಯ ಮೇಲೆ ಸಣ್ಣ ಸಣ್ಣ ಗೆರೆ ಎಳೆದು, ಇದು ನೀರು, ಇದು ಬೆಳೆ, ಇದು ಕಟ್ಟಡ ಎಂದು ತೋರಿಸುತ್ತಾನೆ. ಆ ಜಾಗದಿಂದ ನೀಲಿ, ಹಸಿರು, ಕೆಂಪು, ಮತ್ತೆ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಎಷ್ಟೆಷ್ಟು ತಿರುಗಿ ಬಂತೆಂದು ತಾವು ನೆನಪಿಟ್ಟುಕೊಳ್ಳುತ್ತೀರಿ. ಮೈತುಂಬಿದ ಎಲೆ ಅವಕೆಂಪನ್ನು ಜೋರಾಗಿ ತಿರುಗಿಸುತ್ತದೆ, ನೀರು ಅದನ್ನು ಪೂರಾ ನುಂಗುತ್ತದೆ. ಆಮೇಲೆ ಇಡೀ ಜಿಲ್ಲೆಯ ಪ್ರತಿ ಚುಕ್ಕೆಯನ್ನೂ ಹುಡುಗ ತೋರಿಸಿದ್ದರ ಜೊತೆ ಹೋಲಿಸಿ, ಯಾವುದಕ್ಕೆ ಹತ್ತಿರವೋ ಆ ಬಣ್ಣ ಬಳಿಯುತ್ತೀರಿ. ಎರಡು ವರ್ಷದ ಎರಡು ನಕ್ಷೆ ತಯಾರಿಸಿ ಒಂದರಿಂದ ಇನ್ನೊಂದನ್ನು ಕಳೆದರೆ ‘ಬದಲಾವಣೆ’ ಸಿಕ್ಕಿತು. ಹುಡುಗ ಎಂದೂ ಆ ಊರಿಗೆ ಹೋಗದಿದ್ದರೆ ತಾವೂ ಹೋದಂತಲ್ಲ. ಆದರೆ ನಕ್ಷೆಯ ಕೆಳಗೆ ಉತ್ತರ ದಿಕ್ಕಿನ ಬಾಣ, ಸ್ಕೇಲು, ಸಂಸ್ಥೆಯ ಮೊಹರು ಎಲ್ಲ ಇರುವುದರಿಂದ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಹೈದರಾಬಾದು ತಮಗೆ ಒಗ್ಗುವ ಊರಲ್ಲ, ಪಾಪ. ಇಲ್ಲಿನ ಬೋಳು ಗ್ರಾನೈಟ್ ಬಂಡೆಯೂ ಸಿಮೆಂಟ್ ತಾರಸಿಯೂ ತಮ್ಮ ಕಣ್ಣಿಗೆ ಅಣ್ಣತಮ್ಮಂದಿರು. ಇನ್ನೂರೈವತ್ತು ಕೋಟಿ ವರ್ಷದ ಬಂಡೆಗೆ ಬಿಲ್ಟ್-ಅಪ್ ಎಂದು ಕೆಂಪು ಬಳಿದು, ಈ ಗುಡ್ಡ ಆಗಲೇ ಅಭಿವೃದ್ಧಿಯಾಗಿದೆ ಎಂದು ಘೋಷಿಸಿಬಿಡುತ್ತೀರಿ. ಗಗನಚುಂಬಿ ಟವರಿನ ನೆರಳು ಕಪ್ಪಗೆ ಬಿದ್ದರೆ ಅದು ನೀರಿರಬೇಕು ಎನಿಸುತ್ತದೆ. ಹೀಗೆ ಐಟಿ ಕಾರಿಡಾರಿನಲ್ಲಿ ಕೆರೆ ಕುಗ್ಗಿ ನೆರಳು ಹಿಗ್ಗಿದರೂ ಲೆಕ್ಕ ಸರಿದೂಗುತ್ತದೆ. ಚರಂಡಿ ನೀರು ಕುಡಿದು ಕೆರೆ ತುಂಬ ಅಂತರಗಂಗೆ ಹಬ್ಬಿದರಂತೂ ತಮ್ಮ ಸಂತೋಷಕ್ಕೆ ಪಾರವಿಲ್ಲ. ನೀರಿದ್ದ ಕಡೆ ಈಗ ದಟ್ಟ ಹಸಿರು! ಸಸ್ಯಸಂಪತ್ತು ಸೂಚ್ಯಂಕ ಏರಿದೆ! ಸಾಯುತ್ತಿರುವ ಕೆರೆಗೆ ಹೀಗೆ ಆರೋಗ್ಯದ ಸರ್ಟಿಫಿಕೇಟ್ ಕೊಡುವ ವೈದ್ಯರು ಬೇರೆಲ್ಲೂ ಸಿಗಲಾರರು. 2022ರಲ್ಲಿ ಗೂಗಲ್‌ನವರು ‘ಡೈನಮಿಕ್ ವರ್ಲ್ಡ್’ ತಂದು ಜಗತ್ತಿನ ನೆಲವನ್ನೆಲ್ಲ ಒಂಬತ್ತೇ ವರ್ಗವಾಗಿ ಹಂಚಿಬಿಟ್ಟರು. ಒಂಬತ್ತರಲ್ಲಿ ಒಂದು ಹಿಮ. ಮೇ ತಿಂಗಳ ಹೈದರಾಬಾದಿಗೂ ಆ ಸ್ಥಾನ ಕಾಯ್ದಿರಿಸಲಾಗಿದೆ.

ಇಷ್ಟಾದರೂ ತಮ್ಮ ನಿಖರತೆ ಯಾವ ಪ್ರಬಂಧದಲ್ಲೂ 85ಕ್ಕಿಂತ ಕೆಳಗೆ ಇಳಿದದ್ದನ್ನು ನಾನು ಕಂಡಿಲ್ಲ. 1976ರಲ್ಲಿ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಆಂಡರ್ಸನ್ ಮತ್ತು ಸಂಗಡಿಗರು ಭೂಬಳಕೆ ನಕ್ಷೆ ಶೇಕಡಾ 85ರಷ್ಟಾದರೂ ಸರಿಯಿರಬೇಕು ಎಂದು ಬರೆದಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಕಲಬುರಗಿಯಾಗಲಿ ವಾರಂಗಲ್ ಆಗಲಿ, ‘ದೂರಸಂವೇದಿ ಮತ್ತು ಜಿಐಎಸ್ ಬಳಸಿ ಭೂಬಳಕೆ ಬದಲಾವಣೆ: ಒಂದು ಅಧ್ಯಯನ’ ಎಂಬ ಎಲ್ಲ ಪ್ರಬಂಧಗಳೂ 87, 89, 91 ಎಂದು ಪಾಸಾಗುತ್ತಲೇ ಇವೆ. ಎಸ್‌ಎಸ್‌ಎಲ್‌ಸಿಗೂ ಇಂಥ ಫಲಿತಾಂಶವಿಲ್ಲ.

ಇರಲಿ. ತಪ್ಪು ಎಲ್ಲರಿಂದಲೂ ಆಗುತ್ತದೆ, ತಮ್ಮ ತಪ್ಪನ್ನಾದರೂ ಕೂತು ಎಣಿಸಬಹುದು. ನನ್ನ ವಿಸ್ಮಯವೆಲ್ಲ ತಾವು ಸರಿಯಾಗಿ ಕಂಡ ಮೇಲೆ ನಡೆಯುವ ವಿದ್ಯಮಾನದ ಬಗ್ಗೆ. ಅದರ ಮೊದಲ ಅಧ್ಯಾಯ ಇದೇ ಊರಿನದು.

ಎಂಬತ್ತರ ದಶಕದ ಆರಂಭದವರೆಗೆ ದೇಶದ ಅರಣ್ಯವೆಂದರೆ ಅರಣ್ಯ ಇಲಾಖೆಗಳ ಕಡತದಲ್ಲಿರುವುದು: ಸುಮಾರು ಏಳೂವರೆ ಕೋಟಿ ಹೆಕ್ಟೇರ್, ದೇಶದ ಶೇಕಡಾ 23ರ ಆಸುಪಾಸು. ಹೈದರಾಬಾದಿನ ಸಂಸ್ಥೆಯವರು ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಮುಂದಿಟ್ಟುಕೊಂಡರು. ಆಗ ತಾವಿನ್ನೂ ಎಳೆಗೂಸು, ಗೆರೆ ಎಳೆದದ್ದು ಮನುಷ್ಯರ ಕಣ್ಣೇ. 1972–75ರ ಚಿತ್ರದಲ್ಲಿ ಕಾಡು ಶೇಕಡಾ 16.89 ಇತ್ತು. 1980–82ರ ಚಿತ್ರದಲ್ಲಿ 14.10. ಐದೂವರೆ ಕೋಟಿ ಹೆಕ್ಟೇರಿನಿಂದ 4.63 ಕೋಟಿಗೆ ಇಳಿದಿತ್ತು. ದೆಹಲಿಯಲ್ಲಿ ಗುಲ್ಲಾಯಿತು. ದೆಹರಾದೂನಿನಲ್ಲಿ ಹೊಸದಾಗಿ, 1981ರಲ್ಲಷ್ಟೇ, ಹುಟ್ಟಿದ್ದ ಭಾರತೀಯ ಅರಣ್ಯ ಸರ್ವೇಕ್ಷಣೆಯೂ ಹೆಚ್ಚುಕಡಿಮೆ ಅದೇ ವರ್ಷಗಳ, ಅದೇ ಲ್ಯಾಂಡ್‌ಸ್ಯಾಟ್ ಚಿತ್ರ ನೋಡಿತ್ತು. ಅದರ ಲೆಕ್ಕ ಬೇರೆ ಬಂದಿತ್ತು. ಎರಡೂ ಕಚೇರಿಯವರು ಕೂತು ಲೆಕ್ಕ ಹೊಂದಿಸಿಕೊಂಡರು. 1987ರ ಮೊದಲ ಅರಣ್ಯ ಸ್ಥಿತಿ ವರದಿಯಲ್ಲಿ ಅಚ್ಚಾದ ಸಂಖ್ಯೆ 6.4 ಕೋಟಿ ಹೆಕ್ಟೇರ್, ಶೇಕಡಾ 19.5ರ ಹತ್ತಿರ.

ಎರಡು ಲೆಕ್ಕದ ನಡುವಿನ ಅಂತರ 1.77 ಕೋಟಿ ಹೆಕ್ಟೇರ್. ಕರ್ನಾಟಕದ ಒಟ್ಟು ವಿಸ್ತೀರ್ಣ 1.92 ಕೋಟಿ. ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಹಾಸಿದರೆ ಹೆಚ್ಚುಕಡಿಮೆ ಮುಚ್ಚಿಹೋಗುವಷ್ಟು ಕಾಡು ಒಂದೂ ಸಸಿ ನೆಡದೆ, ಒಂದು ಹನಿ ಮಳೆ ಬೀಳದೆ, ಕಚೇರಿಯ ಫ್ಯಾನಿನ ಗಾಳಿಯಲ್ಲಿ ಬೆಳೆಯಿತು. ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದೇ ಇದರ ಸೊಗಸು. ಮರಗಳು ಎಷ್ಟು ವಿರಳವಾದರೆ ಅದನ್ನು ಕಾಡು ಎನ್ನುವುದನ್ನು ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಉಪಗ್ರಹದ ಬಳಿ ಉತ್ತರವಿಲ್ಲ. ಅದು ಮೇಜಿನ ಮೇಲೆ ತೀರ್ಮಾನವಾಗುವ ಸಂಗತಿ. ಈಗಿನ ತೀರ್ಮಾನ ಹೀಗಿದೆ: ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗ, ಶೇಕಡಾ 10ಕ್ಕೆ ಕಡಿಮೆಯಿಲ್ಲದ ಮರದ ಹಂದರ, ಜಾಗ ಯಾರದಾದರೂ ಸರಿ, ಮರ ಯಾವುದಾದರೂ ಸರಿ, ಹಣ್ಣಿನ ತೋಟ, ಬಿದಿರು, ತಾಳೆ ಎಲ್ಲ ಸೇರಿ. ಹಾಗಾಗಿ ನೆರಳುಮರದ ಕೆಳಗಿನ ಕಾಫಿ ತೋಟವೂ ಅರಣ್ಯ ಹೊದಿಕೆಗೆ ಸಲ್ಲುತ್ತದೆ, ಆನೆ ಓಡಿಸಲು ಪಟಾಕಿ ಹಚ್ಚುವ ಪ್ಲಾಂಟರ್ ಒಪ್ಪಲಿ ಬಿಡಲಿ. 2023ರ ವರದಿಯ ಪ್ರಕಾರ ಅರಣ್ಯ ಹೊದಿಕೆ ಶೇಕಡಾ 21.76. ನಾನು ಸಂಶಯಪಡುವುದಿಲ್ಲ. ಸಂಶಯಪಟ್ಟರೆ ಸ್ಯಾಟಲೈಟ್ ನೋಡಿ ಅನ್ನುತ್ತಾರೆ.

ಈಗ ಕೆರೆಗಳ ವಿಚಾರ. ಇಲ್ಲಿ ತಮ್ಮ ಸೇವೆ ಅಪಾರ.

ನಮ್ಮ ದಖ್ಖನಿನ ಕೆರೆ ಹನ್ನೆರಡು ತಿಂಗಳೂ ಒಂದೇ ಅಳತೆಯಲ್ಲಿ ಇರುವಂಥದ್ದಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಡಿ ಬಿದ್ದು ಕೆಳಗಿನ ಕೆರೆಗೆ ನೀರು ಹಾಯುತ್ತದೆ. ಬೇಸಿಗೆಯಲ್ಲಿ ಅಂಗಳ ಒಣಗಿ ದನ ಮೇಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಕೆರೆ ತುಂಬುವ ಜುಲೈ-ಆಗಸ್ಟಿನಲ್ಲಿ ಮೇಲೆ ಮೋಡ, ತಮಗೆ ಏನೂ ಕಾಣುವುದಿಲ್ಲ. ಆಕಾಶ ಅತ್ಯಂತ ನಿರ್ಮಲವಾಗಿ, ಚಿತ್ರ ಅತ್ಯಂತ ಸ್ಪಷ್ಟವಾಗಿ ಬರುವುದು ಕೆರೆ ಒಣಗಿದ ಕಾಲದಲ್ಲಿ. ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳಿವೆ ನಿಜ, ಆದರೆ ಅವುಗಳ ಕಪ್ಪುಬಿಳುಪು ಮಚ್ಚೆಗಳನ್ನು ಬ್ರೋಚರಿನಲ್ಲಿ ಅಚ್ಚು ಹಾಕಿಸಿದರೆ ಯಾರೂ ಪ್ಲಾಟು ಕೊಳ್ಳುವುದಿಲ್ಲ.

ಶಂಕರಪಲ್ಲಿ ರಸ್ತೆಯ ಕಡೆ ಒಂದು ವೆಂಚರ್ ನೋಡಲು ಹೋಗಿದ್ದೆ. ಇಲ್ಲಿ ಲೇಔಟಿಗೆ ವೆಂಚರ್ ಎನ್ನುತ್ತಾರೆ. ಸಾಹಸ ಯಾರದು ಎಂಬುದು ರಿಜಿಸ್ಟ್ರೇಷನ್ ಆದಮೇಲೆ ತಿಳಿಯುತ್ತದೆ. ಏಜೆಂಟ್ ಜಹೀರಾಬಾದ್ ಕಡೆಯವನು, ನಮ್ಮ ಬೀದರ ಮಾತು ಚೆನ್ನಾಗಿ ಬರುತ್ತಿತ್ತು. ಪಕ್ಕದಲ್ಲಿ ಕುಂಟೆ ಏನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಫೋನ್ ತೆಗೆದ. “ಸ್ಯಾಟಲೈಟ್ ಫೋಟೊನೇ ಅದ ನೋಡ್ರಿ ಸರ. ಒಂದು ಹನಿ ನೀರಿಲ್ಲ.” ಮೂಲೆಯಲ್ಲಿದ್ದ ತಾರೀಖು ನೋಡಿದೆ, ಮೇ ತಿಂಗಳದು. ಅಕ್ಟೋಬರಿನದು ಇಲ್ಲವೇನಪ್ಪ ಎಂದೆ. ಅವನಿಗೆ ಸ್ವಲ್ಪವೂ ಬೇಸರವಾಗಲಿಲ್ಲ. “ಅಕ್ಟೋಬರ್‌ದು ಭೀ ಅದ ರೀ ಸರ. ಖರೆ ಅದು ಬಾಜೂ ವೆಂಚರ್‌ನವರ ಬಲ್ಲಿ ಅದ. ಅವರು ಲೇಕ್ ವ್ಯೂ ಅಂತ ಮಾರ್ಲತ್ತಾರ.”

ನೋಡಿ, ಒಂದೇ ಕುಂಟೆ, ಎರಡು ಚಿತ್ರ, ಎರಡೂ ಸತ್ಯ, ಎರಡಕ್ಕೂ ಗಿರಾಕಿ.

2024ರ ಜುಲೈನಲ್ಲಿ ತೆಲಂಗಾಣ ಸರ್ಕಾರ ಹೈಡ್ರಾ ಎಂಬ ಸಂಸ್ಥೆ ಕಟ್ಟಿ, ಹೊರವರ್ತುಲ ರಸ್ತೆಯವರೆಗಿನ ಕೆರೆಗಳನ್ನು ಕಾಯುವ ಕೆಲಸ ಕೊಟ್ಟಿತು. ಆಗಸ್ಟ್ 24ರ ಬೆಳಿಗ್ಗೆ ಮಾಧಾಪುರದ ತಮ್ಮಿಡಿಕುಂಟ ಕೆರೆಯ ದಂಡೆಯಲ್ಲಿದ್ದ ಎನ್ ಕನ್ವೆನ್ಷನ್ ಸಭಾಭವನ ನೆಲಕ್ಕೆ ಉರುಳಿತು. ಕೆರೆಯ ಪೂರ್ಣ ಮಟ್ಟದೊಳಗೆ 1.12 ಎಕರೆ, ಅದರ ಸುತ್ತ ಖಾಲಿ ಬಿಡಬೇಕಾದ ಬಫರಿನಲ್ಲಿ ಇನ್ನೆರಡು ಎಕರೆ ಚಿಲ್ಲರೆ ಒತ್ತುವರಿ ಎಂಬುದು ಸಂಸ್ಥೆ ಆಗ ಕೊಟ್ಟ ಲೆಕ್ಕ. ಇದು ಪಟ್ಟಾ ಜಮೀನು, ಒಂದಿಂಚೂ ಒತ್ತಿಲ್ಲ ಎಂಬುದು ಮಾಲೀಕರಾದ ಚಿತ್ರನಟರ ಮಾತು. ಹೈಕೋರ್ಟ್ ಅದೇ ದಿನ ತಡೆ ಕೊಟ್ಟಿತು, ಅಷ್ಟು ಹೊತ್ತಿಗೆ ತಡೆಯಲು ಹೆಚ್ಚೇನೂ ಉಳಿದಿರಲಿಲ್ಲ. ಯಾರು ಸರಿ ಎಂದು ನಾನು ಹೇಳಲಾರೆ. ಆ 1.12 ಎಕರೆಯನ್ನು ತಮ್ಮ ಭಾಷೆಗೆ ತಂದು ನೋಡಿದೆ, ಅಷ್ಟೆ. ಸೆಂಟಿನೆಲ್ ಲೆಕ್ಕದಲ್ಲಿ ಅದು 45 ಚುಕ್ಕೆ. ಲಿಸ್-3ರಲ್ಲಿ ಎಂಟು. ಲಿಸ್-1ರಲ್ಲಿ ಒಂದೂ ಪೂರ್ತಿ ಇಲ್ಲ. ಆ ಎಂಟು ಚುಕ್ಕೆಯಲ್ಲಿ ನಾಲ್ಕಾದರೂ ಅರ್ಧ ನೀರು ಅರ್ಧ ನೆಲವಾಗಿರುತ್ತವೆ. ಅವು ಯಾವ ಕಡೆ ವಾಲಬೇಕೆಂಬುದು ಹುಡುಗ ಮೌಸ್ ಹಿಡಿದ ದಿನ ನಿರ್ಧಾರವಾಗಿರುತ್ತದೆ. ಇಲ್ಲಿನ ನಿಯಮದಂತೆ 10 ಹೆಕ್ಟೇರಿಗಿಂತ ಚಿಕ್ಕ ಕುಂಟೆಗೆ ಬಿಡಬೇಕಾದ ಬಫರ್ 9 ಮೀಟರ್. ಪುಕ್ಕಟೆ ಸಿಗುವ ಸೆಂಟಿನೆಲ್ ಚಿತ್ರದ ಚುಕ್ಕೆ 10 ಮೀಟರ್. ಕಾನೂನು ಕಾಯಬೇಕೆಂದು ಹೇಳಿದ ಪಟ್ಟಿ ಕಾವಲುಗಾರನ ರೆಪ್ಪೆಗಿಂತ ಸಣ್ಣದು.

ಇನ್ನೊಂದು ಗುಟ್ಟನ್ನು ಮೆಲ್ಲಗೆ ಹೇಳುತ್ತೇನೆ, ತಮಗೆ ಗೊತ್ತಿರುವುದೇ. ಎಫ್‌ಟಿಎಲ್ ಎಂದು ಎಲ್ಲರೂ ಬಾಯಿಪಾಠ ಮಾಡಿರುವ ಆ ಪೂರ್ಣ ಮಟ್ಟ ಮೇಲಿನಿಂದ ಕಾಣುವ ವಸ್ತುವೇ ಅಲ್ಲ. ಅದು ಕೋಡಿಯ ಎತ್ತರಕ್ಕೆ ಸಮನಾಗಿ ಸುತ್ತ ಎಳೆದ ಗೆರೆ. ಲೆವೆಲ್ ಯಂತ್ರ ಹಿಡಿದು ಏರಿಯ ಮೇಲೆ ನಡೆದವನಿಗೆ ಮಾತ್ರ ಸಿಗುತ್ತದೆ. ತಮಗೆ ಕಾಣುವುದು ಆ ದಿನ ನೀರು ಎಲ್ಲಿಯವರೆಗೆ ಇತ್ತು ಎಂಬುದಷ್ಟೆ. ಕೋಡಿಯನ್ನೇ ರಾತ್ರೋರಾತ್ರಿ ಒಡೆದು ಎರಡಡಿ ತಗ್ಗಿಸಿದರೆ ಕೆರೆ ತಾನಾಗಿ ಹಿಂದೆ ಸರಿಯುತ್ತದೆ, ತಾವು ಅದನ್ನು ನಿಷ್ಠೆಯಿಂದ ‘ನೀರಿನ ಹರವು ಕುಗ್ಗಿದೆ’ ಎಂದು ದಾಖಲಿಸುತ್ತೀರಿ. ಕಾರಣದ ಕಾಲಂ ತಮ್ಮಲ್ಲಿಲ್ಲ.

ಬೆಂಗಳೂರಿನ ಓದುಗರು ಇಲ್ಲಿ ನಗಬಾರದು. ತಮ್ಮ ವಂಶದ ಮೊದಲ ಕಣ್ಣು ಲ್ಯಾಂಡ್‌ಸ್ಯಾಟ್ ಮೇಲೆ ಹೋದದ್ದು 1972ರ ಜುಲೈನಲ್ಲಿ. ಅಷ್ಟರಲ್ಲಿ ನಮ್ಮವರು ಧರ್ಮಾಂಬುಧಿ ಕೆರೆಯಲ್ಲಿ ಬಸ್ ಸ್ಟ್ಯಾಂಡಿಗೆ, ಸಂಪಂಗಿ ಕೆರೆಯಲ್ಲಿ ಸ್ಟೇಡಿಯಮ್ಮಿಗೆ ಜಾಗ ಮಾಡಿ ಮುಗಿಸಿದ್ದರು. ಒಂದು ಉಪಗ್ರಹ ಚಿತ್ರವೂ ಸಾಕ್ಷಿಗೆ ಇಲ್ಲ; ಹಿರಿಯರ ಮುಂದಾಲೋಚನೆ ಅಂಥದ್ದು. 1973ರಿಂದ ಈಚೆಗಿನದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ತಂಡದವರು ತಮ್ಮ ಸಹಾಯದಿಂದಲೇ ಲೆಕ್ಕ ಹಾಕಿ ಮತ್ತೆ ಮತ್ತೆ ಅಚ್ಚು ಹಾಕಿಸಿದ್ದಾರೆ. ಕಾಂಕ್ರೀಟು ಹತ್ತು ಪಟ್ಟು ಏರಿದ್ದನ್ನು ಓದಿ ಎಲ್ಲರೂ ತಲೆದೂಗಿದರು. ಈಗ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಕಾಲ ಕೆಳಗೆ ಮೂಡುತ್ತದೆ, ರಾಜಕಾಲುವೆ ಅಡುಗೆಮನೆಯ ಮೂಲಕ ಹಾದುಹೋಗುವುದನ್ನು ಒಗ್ಗರಣೆ ಹಾಕುತ್ತಲೇ ನೋಡಬಹುದು.

ಕಂಚ ಗಚ್ಚಿಬೌಲಿಗೆ ಬರುತ್ತೇನೆ. ಹೈದರಾಬಾದ್ ವಿಶ್ವವಿದ್ಯಾಲಯದ ಮಗ್ಗುಲಲ್ಲಿ 400 ಎಕರೆ. ಸರ್ಕಾರ 2000ದ ದಶಕದ ಆರಂಭದಲ್ಲಿ ಅದನ್ನು ಒಂದು ಕ್ರೀಡಾ ಕಂಪನಿಗೆ ಕೊಟ್ಟು, ಆಮೇಲೆ ರದ್ದು ಮಾಡಿ, ವರ್ಷಗಟ್ಟಲೆ ವ್ಯಾಜ್ಯ ನಡೆದು 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದುಕೊಂಡಿತು. ಇಪ್ಪತ್ತು ವರ್ಷ ವಕೀಲರು ಓಡಾಡುತ್ತಿದ್ದಾಗ ಆ ಜಾಗದಲ್ಲಿ ಮನುಷ್ಯರು ಓಡಾಡಲಿಲ್ಲ. ಹಾಗಾಗಿ ಕುರುಚಲು ಎದೆಯೆತ್ತರ ಬೆಳೆಯಿತು, ಮರ ಎದ್ದವು, ಅಣಬೆ ಆಕಾರದ ಬಂಡೆಗಳ ನಡುವೆ ನವಿಲು, ಚುಕ್ಕೆ ಜಿಂಕೆ, ನಕ್ಷತ್ರ ಆಮೆ ಸೇರಿಕೊಂಡವು. ದೇಶದಲ್ಲಿ ಅರಣ್ಯೀಕರಣಕ್ಕೆ ದಾವೆಯಷ್ಟು ಫಲಪ್ರದವಾದ ಯೋಜನೆ ಇನ್ನೊಂದಿಲ್ಲ.

ತಾವು ಆ ಹಸಿರನ್ನು ವರ್ಷವರ್ಷವೂ ನೋಡಿದ್ದೀರಿ. ನೋಡಿ ಏನೆಂದು ಬರೆದುಕೊಳ್ಳಬೇಕು? ಬಾಲಾನಗರದ ರಾಷ್ಟ್ರೀಯ ವರ್ಗಪಟ್ಟಿಯಲ್ಲಿ ಕುರುಚಲು ಭೂಮಿ ಇರುವುದು ಪಾಳುಭೂಮಿಯ ತಲೆಬರಹದ ಕೆಳಗೆ. ಬಂಡೆ ಪ್ರದೇಶವೂ ಅದರ ಕೆಳಗೇ. ಕುರುಚಲಿಗೊಂದು, ಬಂಡೆಗೊಂದು, ಎರಡೆರಡು ಅರ್ಹತೆ ಪಡೆದು ಪಾಳಾಗಿರುವ ನೆಲವನ್ನು ಯಾರಾದರೂ ಉದ್ಧಾರ ಮಾಡದೆ ಬಿಡುತ್ತಾರೆಯೇ? ಇತ್ತ ಕಂದಾಯ ದಾಖಲೆಯಲ್ಲಿ ಅದು ಅರಣ್ಯವಲ್ಲ, ಸರ್ಕಾರಿ ಜಮೀನು. ದಾಖಲೆ ಏನೇ ಹೇಳಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿದ್ದರೆ ಕಾಡು ಎಂದೇ ತಿಳಿಯಿರಿ ಎಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1996ರ ಡಿಸೆಂಬರಿನಲ್ಲಿ. ಹೀಗೆ ಒಂದೇ ನೆಲಕ್ಕೆ ಸಾಫ್ಟ್‌ವೇರ್ ಒಂದು ಹೆಸರು, ತಹಸೀಲ್ದಾರ ಇನ್ನೊಂದು, ನ್ಯಾಯಾಲಯ ಮತ್ತೊಂದು ಇಟ್ಟಿದ್ದಾಗ, ಬುಲ್ಡೋಜರ್ ಯಾವ ಪಟ್ಟಿ ಓದಿಕೊಂಡು ಬರಬೇಕು ಹೇಳಿ.

ಬಂದದ್ದು 2025ರ ಮಾರ್ಚ್ 30ರಂದು, ಯುಗಾದಿ ದಿನ. ಮರುದಿನ ರಂಜಾನ್. ಕೋರ್ಟು ಕಚೇರಿಗಳಿಗೆಲ್ಲ ರಜೆ. ಹತ್ತಾರು ಯಂತ್ರಗಳು ಹಗಲೂ ರಾತ್ರಿ ಕೆಲಸ ಮಾಡಿದವು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಸುಮಾರು 100 ಎಕರೆ ಬೋಳಾಗಿತ್ತು. ಸೆಂಟಿನೆಲ್ ಲೆಕ್ಕದಲ್ಲಿ 4,000 ಚುಕ್ಕೆ. ಐದು ದಿನ. ತಾವು ಮರಳಿ ಬರುವುದೂ ಐದು ದಿನಕ್ಕೊಮ್ಮೆ, ಅದೂ ಬೆಳಿಗ್ಗೆ ಹತ್ತೂವರೆಯ ಆಸುಪಾಸು, ಮೋಡವಿಲ್ಲದಿದ್ದರೆ. ಕಾಸು ಕೊಟ್ಟರೆ ದಿನದಿನವೂ ನೋಡುವ ಖಾಸಗಿ ಉಪಗ್ರಹಗಳಿವೆ ಎಂಬುದನ್ನು ಮರೆತಿಲ್ಲ. ಆದರೆ ದಿನವೂ ನೋಡಿದರೂ ಯುಗಾದಿಯ ರಜೆಯಲ್ಲಿ ಆ ಚಿತ್ರ ತೆರೆಯುವ ಗುಮಾಸ್ತ ಬೇಕಲ್ಲ. ಬದಲಾವಣೆ ಪತ್ತೆ ಎಂಬ ತಮ್ಮ ವಿದ್ಯೆಯ ಒಳಗುಟ್ಟು ಇದು: ಪತ್ತೆಯಾಗಬೇಕಾದರೆ ಮೊದಲು ಬದಲಾವಣೆ ಆಗಿ ಮುಗಿದಿರಬೇಕು.

ಆಮೇಲಿನದು ಇನ್ನೂ ಸೊಗಸು. ಓಡುವ ಜಿಂಕೆ, ಅಳುವ ನವಿಲುಗಳ ಚಿತ್ರಗಳು ಎಐ ಸೃಷ್ಟಿ ಎಂದು ಸರ್ಕಾರ ಆಕ್ಷೇಪಿಸಿತು, ಮೊಕದ್ದಮೆಗಳೂ ಆದವು. ಸುಳ್ಳು ಜಿಂಕೆಯ ಮೇಲೆ ಕೇಸು ಹಾಕುವ ಚುರುಕುತನ ನಿಜವಾದ ಜಿಂಕೆಯ ಬಗ್ಗೆ ಇದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ. ನ್ಯಾಯಾಲಯವಂತೂ ರಜೆ ನೋಡಿಕೊಂಡು ಅಷ್ಟು ಅವಸರವೇಕೆ ಎಂದು ಕೇಳಿತು. ಕಾಡು ಮರಳಿ ಬೆಳೆಸುವ ಯೋಜನೆ ಕೊಡದಿದ್ದರೆ ಅಧಿಕಾರಿಗಳಿಗೆ ಅಲ್ಲಿಯೇ ತಾತ್ಕಾಲಿಕ ಜೈಲು ಕಟ್ಟಿಸಬೇಕಾದೀತು ಎಂದಿತು. ಹಾಗೆ ಕಟ್ಟಿದ್ದರೂ ತಮ್ಮ ನಕ್ಷೆಯಲ್ಲಿ ಅದು ಬಿಲ್ಟ್-ಅಪ್ ಆಗಿ, ಕೆಂಪು ಬಣ್ಣದಲ್ಲಿ, ಪ್ರಗತಿಯ ಖಾತೆಗೇ ಜಮೆಯಾಗುತ್ತಿತ್ತು.

ತಮಗಿಂತ ಬಹಳ ಮುಂಚೆ ಈ ಊರಿಗೆ ಒಬ್ಬರು ಬಂದಿದ್ದರು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತ ಮೇಲೆ ನಿಜಾಮರು ಕರೆಸಿದ ಎಂಜಿನಿಯರು, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಉಪಗ್ರಹವಿರಲಿ, ಸರಿಯಾದ ಮಳೆ ಲೆಕ್ಕವೂ ಸಾಲದಿದ್ದ ಕಾಲ. ಅವರು ನದಿಯ ಜಲಾನಯನದ ಕೆರೆಗಳನ್ನು ಎಣಿಸಿದರು: 788. ಹೆಚ್ಚುಕಡಿಮೆ ಚದರ ಮೈಲಿಗೊಂದು. ಆ ಮಳೆಯಲ್ಲಿ ಒಡೆದವು 221. ಮೇಲಿನ ಕೆರೆ ಒಡೆದು ಕೆಳಗಿನದನ್ನು ಒಡೆದು, ಎಲ್ಲ ಸೇರಿ ಊರಿನ ಮೇಲೆ ಬಂದದ್ದನ್ನು ಅವರು ಲೆಕ್ಕಕ್ಕೆ ತಂದರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಆ ಎರಡು ಜಲಾಶಯಗಳ ಸುತ್ತ ಹತ್ತು ಕಿಲೋಮೀಟರಿನಲ್ಲಿ, 84 ಹಳ್ಳಿಗಳಲ್ಲಿ, ದೊಡ್ಡ ಕಟ್ಟಡ ಕಾರ್ಖಾನೆ ಬೇಡವೆಂದು 1996ರಲ್ಲಿ ಜಿಒ 111 ಎಂಬ ಸರ್ಕಾರಿ ಆದೇಶ ಬಂತು. 2022ರಲ್ಲಿ ಆ ನಿರ್ಬಂಧ ತೆಗೆಯುವ ಆದೇಶ ಬಂತು. ತಾವು ಆ ಎರಡು ವರ್ಷಗಳ ಚಿತ್ರ ಒಂದರ ಮೇಲೊಂದಿಟ್ಟು ಬೇಕಾದಷ್ಟು ಕೆಂಪು ಚುಕ್ಕೆ ತೋರಿಸಬಹುದು. ಆದೇಶದ ಕಾಗದ 10 ಮೀಟರಿನ ಚುಕ್ಕೆಯಲ್ಲಿ ಕಾಣುವುದಿಲ್ಲ. ವಿಶ್ವೇಶ್ವರಯ್ಯನವರ 788ರಲ್ಲಿ ಒಂದು ಅನುಕೂಲವಿತ್ತು: ಎಣಿಸಿದವರು ಯಾರೆಂದು ಗೊತ್ತಿತ್ತು, ಕೆಳಗೆ ಸಹಿ ಇತ್ತು.

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಇನ್ನಷ್ಟು ಚುರುಕು ಕಣ್ಣು ಬೇಡ, ಹೊಸ ಅಲ್ಗಾರಿದಂ ಬೇಡ, ನಿಖರತೆಯನ್ನು 87ರಿಂದ 97ಕ್ಕೆ ಏರಿಸುವುದೂ ಬೇಡ. ವರ್ಗಪಟ್ಟಿಯಲ್ಲಿ ಅಕ್ರಮ-ಸಕ್ರಮ ಎಂಬ ಹೊಸ ವರ್ಗ ಸೇರಿಸಿ ಎಂದು ಕೇಳೋಣವೆಂದುಕೊಂಡಿದ್ದೆ. ಅದಕ್ಕೆ ಯಾವ ಬಣ್ಣ ಎಂದು ಹೊಳೆಯದೆ ಕೈಬಿಟ್ಟೆ.

ತಮ್ಮ ನಕ್ಷೆಯ ಪ್ರತಿ ತುಂಡಿನ ಹಿಂದೆ ಒಂದು ಆಟ್ರಿಬ್ಯೂಟ್ ಟೇಬಲ್ ಇರುತ್ತದೆ: ನಂಬರು, ವರ್ಗ, ವಿಸ್ತೀರ್ಣ, ಹೆಚ್ಚೆಂದರೆ ವರ್ಷ. ಅದಕ್ಕೆ ಮೂರು ಕಾಲಂ ಸೇರಿಸಿಕೊಡಿ. ಚಿತ್ರ ಯಾವ ತಿಂಗಳದು. ಈ ತುಂಡಿಗೆ ಈ ಹೆಸರು ಇಟ್ಟವರು ಯಾರು. ಯಾರ ಆದೇಶದ ಮೇರೆಗೆ. 1980–82ರ ಕಾಡಿಗೆ ಆ ಕಾಲಂ ಇದ್ದಿದ್ದರೆ ಕರ್ನಾಟಕದಷ್ಟು ಜಾಗ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ದಾಟಿದ್ದು ಯಾವ ಬಾಗಿಲಿನಿಂದ ಎಂದು ಇವತ್ತಿಗೂ ಓದಬಹುದಿತ್ತು. ಸರ್ವೆ ನಂಬರ್ 25ಕ್ಕೆ ಇದ್ದಿದ್ದರೆ ಪಾಳು ಎಂದವರ, ಕಂದಾಯ ಎಂದವರ ಹೆಸರು ಪಕ್ಕಪಕ್ಕದಲ್ಲಿ ಕೂತಿರುತ್ತಿದ್ದವು. ಇದಕ್ಕೆ ಕೋಟಿ ರೂಪಾಯಿಯ ಟೆಂಡರ್ ಬೇಡ. ನಕ್ಷೆ ತಯಾರಿಸುವ ಕ್ಯೂಜಿಐಎಸ್ ಪುಕ್ಕಟೆ ಸಿಗುತ್ತದೆ; ಪೆನ್ಸಿಲ್ ಗುಂಡಿ ಒತ್ತಿ, ನ್ಯೂ ಫೀಲ್ಡ್ ಎಂದು ಕೊಟ್ಟು, ಟೆಕ್ಸ್ಟ್ ಆರಿಸಿ, ಉದ್ದ 50 ಅಕ್ಷರ ಸಾಕು. ಅಧಿಕಾರಿಗಳ ಹುದ್ದೆ ಉದ್ದವಿರುತ್ತದೆಂದು ಅನಿಸಿದರೆ 100 ಇಡಿ. ಖಾಲಿ ಬಿಟ್ಟವರ ನಕ್ಷೆ ಸೇವ್ ಆಗದಂತೆ ಮಾಡುವುದೂ ತಮಗೆ ಒಂದು ಟಿಕ್ ಗುರುತಿನ ಕೆಲಸ.

ಉತ್ತರವನ್ನು ತಮ್ಮ ರೂಢಿಯ ಶೇಕಡಾ 85ರ ನಿಖರತೆಯಲ್ಲಿ ದಯಪಾಲಿಸಿದರೂ ಸಂತೋಷ.

ಇಂತಿ ತಮ್ಮ ವಿಶ್ವಾಸಿ,
ಕಾಚಿಗೂಡಾದ ಒಬ್ಬ ಬಾಡಿಗೆದಾರ
(ಪ್ಲಾಟು ಇನ್ನೂ ಕೊಂಡಿಲ್ಲ)

ಅಡಕ: ಶಂಕರಪಲ್ಲಿ ರಸ್ತೆಯ ವೆಂಚರಿನ ಚಿತ್ರ, ಮೇ ತಿಂಗಳದು, ಒಂದು ಪ್ರತಿ. ಅಕ್ಟೋಬರಿನದಕ್ಕೆ ಬಾಜೂ ವೆಂಚರಿನವರು ಗಜಕ್ಕೆ ಎರಡು ಸಾವಿರ ಹೆಚ್ಚು ಕೇಳುತ್ತಿದ್ದಾರೆ.